ಅಂಗಳದಲ್ಲಿ ಹುಟ್ಟುವ ಮಡ್‌ಗಾರ್ಡು

ಎಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಓಡಾಡಿದವರಿಗೆ ಡಾಲ್ಫಿನ್ ಎಂಬ ಪುಟ್ಟ ಕಾರಿನ ನೆನಪಿರಬಹುದು. ಜನ ಸಿಪಾನಿ ಎಂದು ಕರೆಯುತ್ತಿದ್ದ ಬೆಂಗಳೂರಿನ ಸನ್‌ರೈಸ್ ಆಟೊ ಇಂಡಸ್ಟ್ರೀಸ್ 1982ರಲ್ಲಿ ಅದನ್ನು ಹೊರತಂದಿತು. ಮೂಲ ಇಂಗ್ಲೆಂಡಿನ ರಿಲಯಂಟ್ ಕಿಟನ್. 848 ಸಿಸಿ ಎಂಜಿನ್, ಎರಡೇ ಬಾಗಿಲು, ಮೈಯೆಲ್ಲ ಫೈಬರ್. ಎಪ್ಪತ್ತರ ದಶಕದಲ್ಲಿ ಇದೇ ಕಂಪನಿ ಮಾಡಿದ್ದ ಮೂರು ಚಕ್ರದ ಬಾದಲ್‌ನ ಮೈಯೂ ಫೈಬರಿನದೇ. ಡಾಲ್ಫಿನ್ ಹಗುರವಾಗಿದ್ದರಿಂದ ರೇಸು, ರ‍್ಯಾಲಿಗಳ ಹುಡುಗರಿಗೆ ಅದು ಅಚ್ಚುಮೆಚ್ಚು. ಮರುವರ್ಷವೇ ಮಾರುತಿ 800 ಬಂತು, ಪುಟ್ಟ ಕಾರಿನ ಮಾರುಕಟ್ಟೆ ಅದರ ಕೈಸೇರಿತು.

ಅಷ್ಟು ಸಣ್ಣ ಕಂಪನಿ ಕಾರು ಮಾಡುವ ಧೈರ್ಯ ತೋರಿದ್ದಾದರೂ ಹೇಗೆ? ಉತ್ತರ ಫೈಬರಿನಲ್ಲೇ ಇದೆ. ತಗಡಿನ ಬಾಡಿಗೆ ಭಾರೀ ಪ್ರೆಸ್ಸು ಬೇಕು, ಒಂದೊಂದು ಭಾಗಕ್ಕೂ ಉಕ್ಕಿನ ಡೈ ಬೇಕು. ಸಾವಿರಾರು ಕಾರು ಮಾರಿದರಷ್ಟೇ ಆ ಖರ್ಚು ಗಿಟ್ಟುತ್ತದೆ. ಫೈಬರಿಗೆ ಬೇಕಾದ್ದು ಒಂದು ಅಚ್ಚು, ಒಂದು ಬ್ರಷ್ಷು, ತಾಳ್ಮೆಯಿರುವ ಎರಡು ಕೈ. ಅಮೆರಿಕದ ಷೆವರ್ಲೆ ಕೂಡ 1953ರಲ್ಲಿ ತನ್ನ ಮೊದಲ ಕಾರ್ವೆಟ್‌ಗೆ ಫೈಬರ್ ಮೈಯನ್ನೇ ಕೊಟ್ಟಿತ್ತು. ಆ ವರ್ಷ ತಯಾರಾದದ್ದು 300 ಕಾರು ಮಾತ್ರ.

ಬಳ್ಳಾರಿ ಹತ್ತಿರದ ಕೊಳಗಲ್ಲಿನಂಥ ಊರಿಗೂ ಫೈಬರ್ ಅಚ್ಚಿನ ಈ ಕಸುಬು ಒಗ್ಗುವುದು ಇದೇ ಕಾರಣಕ್ಕೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯಲ್ಲಿ ಟ್ರ್ಯಾಕ್ಟರು, ಟೆಂಪೊ, ಹಳೇ ಜೀಪುಗಳಿಗೆ ಬರವಿಲ್ಲ. ಕಂಪನಿಯೇ ಕೈಬಿಟ್ಟ ಮಾಡೆಲ್ಲಿನ ಮಡ್‌ಗಾರ್ಡು ಒಡೆದರೆ ಬಿಡಿಭಾಗ ಹುಡುಕಿ ಅಲೆಯಬೇಕು. ಅಚ್ಚು ತೆಗೆಯಲು ಬರುವವನಿಗೆ ಆ ಅಲೆದಾಟವಿಲ್ಲ. ಅವನಿಗೆ ಮನೆಯಂಗಳ, ಒಂದು ಬೇವಿನ ಮರದ ನೆರಳು ಸಾಕು.

ಮೊದಲು ಬೇಕಾದ್ದು ಮಾದರಿ. ಎಡಗಡೆಯ ಮಡ್‌ಗಾರ್ಡು ಮುರಿದಿದ್ದರೆ, ಮುರಿದ ಚೂರುಗಳನ್ನೇ ಹಿಂದಿನಿಂದ ಜೋಡಿಸಿ, ಬಿರುಕಿಗೆ ಪುಟ್ಟಿ ತುಂಬಿ ಮಾದರಿ ಮಾಡಿಕೊಳ್ಳಬಹುದು. ಹೊಸ ಆಕಾರವೇ ಬೇಕೆಂದರೆ ಮರ, ಪಿಒಪಿ, ಥರ್ಮೊಕೋಲ್ ಯಾವುದರಿಂದಲಾದರೂ ಕಡೆಯಬಹುದು. ಥರ್ಮೊಕೋಲಿನ ವಿಷಯದಲ್ಲಿ ಮಾತ್ರ ಎಚ್ಚರ: ಫೈಬರ್ ಕೆಲಸಕ್ಕೆ ಬಳಸುವ ಪಾಲಿಯೆಸ್ಟರ್ ರೆಸಿನ್ನಿನಲ್ಲಿರುವ ಸ್ಟೈರೀನ್ ಅದನ್ನು ಕರಗಿಸಿಬಿಡುತ್ತದೆ. ಮೇಲೆ ಪಿಒಪಿ ಬಳಿದು ಮುಚ್ಚಿದ ಮೇಲೆಯೇ ರೆಸಿನ್ ಮುಟ್ಟಿಸಬೇಕು.

ಕಸುಬಿನ ಅಸಲಿ ಪರೀಕ್ಷೆ ಇರುವುದು ಈ ಹಂತದಲ್ಲೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಾದರಿಯ ಮೇಲಿನ ಒಂದು ಗೀರೂ ಅಚ್ಚಿಗೆ ಇಳಿಯುತ್ತದೆ, ಅಚ್ಚಿನಿಂದ ಪ್ರತಿ ಪೀಸಿಗೂ ಇಳಿಯುತ್ತದೆ. ಪ್ರೈಮರ್ ಹೊಡೆದು, ನೀರು ಹಾಕುತ್ತ 400ರ ಎಮರಿ ಪೇಪರಿನಿಂದ ಶುರುಮಾಡಿ 800, 1200, 2000ದವರೆಗೆ ಉಜ್ಜಬೇಕು. ಟ್ಯೂಬ್‌ಲೈಟಿನ ಬಿಂಬ ಅದರ ಮೇಲೆ ಸೊಟ್ಟಗಾಗದೆ ಬೀಳಬೇಕು. ಇಲ್ಲಿ ಉಳಿಸಿದ ಒಂದು ದಿನ ಮುಂದೆ ಪ್ರತಿ ಪೀಸಿನ ಮೇಲೂ ಪುಟ್ಟಿ ಕೆಲಸವಾಗಿ ತಿರುಗಿ ಬರುತ್ತದೆ. ಬಾಗು ಒಳಕ್ಕೆ ಮಡಚಿಕೊಂಡಿದ್ದರೆ ಅಚ್ಚು ಕಳಚುವುದಿಲ್ಲ. ಆಗ ಅಂಚುಪಟ್ಟಿ ಕೊಟ್ಟು, ಬೋಲ್ಟಿನಿಂದ ಬಿಗಿಯುವಂತೆ ಎರಡು ಹೋಳಿನ ಅಚ್ಚೇ ಮಾಡಬೇಕು.

ನಯವಾದ ಮಾದರಿಗೆ ರಿಲೀಸ್ ವ್ಯಾಕ್ಸ್ ಹಚ್ಚಿ ಒರೆಸುವುದು ಆರೆಂಟು ಸಲ. ಅದರ ಮೇಲೆ, ಅಚ್ಚು ಅಂಟಿಕೊಳ್ಳದಂತೆ, ತೆಳುವಾಗಿ ಪಿವಿಎ ದ್ರಾವಣ. ಅದು ಒಣಗಿದ ಬಳಿಕ ಹೊರಮೈಯ ರೆಸಿನ್ ಲೇಪವಾದ ಜೆಲ್‌ಕೋಟ್, ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಬೆರಳಿಟ್ಟರೆ ಅಂಟಬೇಕು, ಬೆರಳಿಗೆ ಮೆತ್ತಿಕೊಳ್ಳಬಾರದು. ಆ ಹದಕ್ಕೆ ಬಂದಾಗ ಗಾಜಿನ ಎಳೆಯ ಮ್ಯಾಟ್ ಹಾಸಿ ರೆಸಿನ್ ಬಳಿಯಬೇಕು. ಮೊದಲ ಪದರಕ್ಕೆ ಚದರ ಮೀಟರಿಗೆ 300 ಗ್ರಾಂ ತೂಗುವ ತೆಳು ಮ್ಯಾಟ್, ಆಮೇಲೆ 450 ಗ್ರಾಮಿನದು. ಒಂದು ಕೆಜಿ ಮ್ಯಾಟಿಗೆ ಎರಡರಿಂದ ಎರಡೂವರೆ ಕೆಜಿ ರೆಸಿನ್ ಹಿಡಿಯುತ್ತದೆ. ಬೆಳ್ಳಗಿದ್ದ ಮ್ಯಾಟ್ ರೆಸಿನ್ ಕುಡಿಯುತ್ತಿದ್ದಂತೆ ಗಾಜಿನಂತೆ ಪಾರದರ್ಶಕವಾಗುತ್ತದೆ. ಎಲ್ಲಿ ಬಿಳಿ ಚುಕ್ಕೆ ಉಳಿಯಿತೋ ಅಲ್ಲಿ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ. ಅದನ್ನು ರೋಲರಿನಿಂದ ಅಂಚಿನತ್ತ ದೂಡಬೇಕು. ಮೂಲೆಗಳಲ್ಲಿ ರೋಲರ್ ಹೋಗುವುದಿಲ್ಲ, ಬ್ರಷ್ಷಿನ ತುದಿಯಿಂದ ಕುಟ್ಟಿ ಕುಟ್ಟಿ ಕೂರಿಸಬೇಕು. ಮಾದರಿಯ ಮೇಲಿನ ಈ ಪದರಗಳೇ ಗಟ್ಟಿಯಾಗಿ ಅಚ್ಚಾಗುತ್ತವೆ. ಅದು ಪೀಸಿಗಿಂತ ಎರಡು ಮೂರು ಪಟ್ಟು ದಪ್ಪ ಇರಲಿ, ಬೆನ್ನಿಗೆ ಮರದ ಪಟ್ಟಿ ಕೂರಿಸಿದರೆ ಸೊಟ್ಟಗಾಗದು.

ನಮ್ಮ ಬಿಸಿಲು ಇಲ್ಲಿ ದೊಡ್ಡ ಪಾತ್ರ ವಹಿಸುತ್ತದೆ. ಡಬ್ಬಿಯ ಮೇಲೆ ಬರೆದಿರುವ ಗಟ್ಟಿಯಾಗುವ ಸಮಯ ಸಾಮಾನ್ಯವಾಗಿ 25 ಡಿಗ್ರಿಯ ಲೆಕ್ಕದ್ದು. ಉಷ್ಣತೆ 10 ಡಿಗ್ರಿ ಏರಿದರೆ ವೇಗ ಹೆಚ್ಚು ಕಡಿಮೆ ಇಮ್ಮಡಿಸುತ್ತದೆ. ಬಳ್ಳಾರಿಯ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣತೆ 40 ದಾಟಿದಾಗ, ಮಧ್ಯಾಹ್ನ ಮಗ್ಗಿನಲ್ಲಿ ಕಲಸಿಟ್ಟ ರೆಸಿನ್ ಬ್ರಷ್ಷು ಅದ್ದುವಷ್ಟರಲ್ಲಿ ಮುದ್ದೆಯಾಗಿ ಹೊಗೆಯಾಡಬಹುದು. ರೆಸಿನ್ನನ್ನು ಗಟ್ಟಿಯಾಗಿಸುವ ಹಾರ್ಡ್ನರನ್ನು ತೀರಾ ಕಡಿಮೆ ಮಾಡುವುದೂ ಪರಿಹಾರವಲ್ಲ. ಒಂದು ಪರ್ಸೆಂಟಿಗಿಂತ ಕೆಳಗಿಳಿದರೆ ರೆಸಿನ್ ಪೂರ್ತಿ ಕಟ್ಟದೆ ಹಸಿಯಾಗೇ ಉಳಿಯುವ ಅಪಾಯವಿದೆ. ಬೆಳಗಿನ ಜಾವ ಕೆಲಸ ಮುಗಿಸುವುದು, ಸಣ್ಣ ಸಣ್ಣ ಪ್ರಮಾಣದಲ್ಲಿ ಕಲಸುವುದು ಒಳ್ಳೆಯದು. ಜೆಲ್‌ಕೋಟ್ ಹಸಿ ಇರುವಾಗ ಕೆಂಧೂಳು ಹಾರಿ ಬಂದು ಕೂತರಂತೂ ಅಷ್ಟೂ ಉಜ್ಜಿದ್ದು ನೀರುಪಾಲು. ನೆಲಕ್ಕೆ ನೀರು ಚಿಮುಕಿಸಿಕೊಂಡೇ ಕೂರಬೇಕು.

ಅಪಾಯಗಳನ್ನೂ ಬಿಡಿಸಿ ಹೇಳಬೇಕು. ರೆಸಿನ್ನಿಗೆ ವೇಗವರ್ಧಕವಾಗಿ ಬೆರೆಸುವ ನೇರಳೆ ಬಣ್ಣದ ಕೋಬಾಲ್ಟ್ ಮತ್ತು ಹಾರ್ಡ್ನರ್, ಅಂದರೆ ಎಂಇಕೆಪಿ, ಎರಡನ್ನೂ ಎಂದಿಗೂ ನೇರವಾಗಿ ಬೆರೆಸಬಾರದು, ಸ್ಫೋಟಿಸಬಹುದು. ಕೋಬಾಲ್ಟನ್ನು ರೆಸಿನ್ನಿನಲ್ಲಿ ಚೆನ್ನಾಗಿ ಕಲಸಿದ ಮೇಲೆಯೇ ಹಾರ್ಡ್ನರ್. ಹಾರ್ಡ್ನರಿನ ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು, ಆದ್ದರಿಂದ ಕನ್ನಡಕ ಬೇಕೇ ಬೇಕು. ಬಿದ್ದರೆ ಕೂಡಲೇ ಧಾರಾಳ ನೀರಿನಲ್ಲಿ ತೊಳೆಯುತ್ತಲೇ ಆಸ್ಪತ್ರೆಗೆ ಓಡಬೇಕು. ಮೂಗಿಗೆ ಕಟ್ಟಿದ ಟವೆಲ್ಲು ಸ್ಟೈರೀನ್ ಹಬೆಯನ್ನು ತಡೆಯುವುದಿಲ್ಲ, ಕಾರ್ಟ್ರಿಜ್ ಇರುವ ಮಾಸ್ಕ್ ತರಬೇಕು. ಕತ್ತರಿಸುವಾಗ ಏಳುವ ಗಾಜಿನ ಪುಡಿ ಚರ್ಮಕ್ಕೆ ಚುಚ್ಚುತ್ತದೆ, ತುಂಬು ತೋಳಿನ ಅಂಗಿ ಹಾಕಿಕೊಳ್ಳಿ. ಮಕ್ಕಳನ್ನು ಆ ಅಂಗಳಕ್ಕೆ ಬಿಡಬೇಡಿ.

ಇನ್ನೊಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮೂಲ ಸ್ವರೂಪವನ್ನು ಮನಬಂದಂತೆ ಬದಲಿಸಲು ಬಿಡುವುದಿಲ್ಲ. ಒಡೆದದ್ದರ ಜಾಗಕ್ಕೆ ಅದೇ ಆಕಾರದ್ದನ್ನು ಕೂರಿಸುವುದು ಬೇರೆ, ಗಾಡಿಯನ್ನೇ ಅಗಲ ಉದ್ದ ಮಾಡುವುದು ಬೇರೆ. ಎರಡನೆಯದಕ್ಕೆ ಕೈಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕು. ಭಾರ ಹೊರುವ ಭಾಗಕ್ಕಂತೂ ಮನೆಯ ಫೈಬರ್ ಸಲ್ಲದು.

ಅಚ್ಚಿನ ಪದರಗಳನ್ನು ಹಾಸಿ ಕೆಲವು ದಿನ ಬಿಟ್ಟು ಅಂಚಿನಲ್ಲಿ ಮರದ ಬೆಣೆಗಳನ್ನು ಮೆಲ್ಲಗೆ ತಟ್ಟಿ, ಸಂದಿಗೆ ನೀರು ಹುಯ್ದರೆ ಪಿವಿಎ ಕರಗುತ್ತದೆ. ಟಕ್ಕೆಂಬ ಸದ್ದಿನೊಡನೆ ಅಚ್ಚು ಬಿಡುತ್ತದೆ. ಅದನ್ನು ತೊಳೆದು ಮತ್ತೆ ವ್ಯಾಕ್ಸ್ ಹಚ್ಚಿ ಒಳಗೆ ಅದೇ ಕ್ರಮದಲ್ಲಿ ಜೆಲ್‌ಕೋಟ್, ಮ್ಯಾಟ್ ಹಾಸಿದರೆ ಮೊದಲ ಮಡ್‌ಗಾರ್ಡು. ಅಚ್ಚು ಚೆನ್ನಾಗಿದ್ದರೆ ಎರಡನೆಯದು, ಹತ್ತನೆಯದು ಕೂಡ ಅಷ್ಟೇ ಸಲೀಸು. ಪಕ್ಕದೂರಿನ ಜೀಪಿನವನಿಗೂ ಆಯಿತು. ಕೆಲಸವಿಲ್ಲದಾಗ ಅಚ್ಚನ್ನು ಮಾಳಿಗೆಯ ಬಿಸಿಲಿಗೆ ಎಸೆಯಬೇಡಿ. ಒಳಗೊಂದು ಪೀಸು ಹಾಗೇ ಕೂರಿಸಿ ನೆರಳಲ್ಲಿಟ್ಟರೆ ಆಕಾರ ಕೆಡದೆ ಉಳಿಯುತ್ತದೆ.