ಒಂದು ಓಟು, ಒಂದು ನೋಟು: ಕಾಗೋಡಿನಿಂದ ವಾಟ್ಸಾಪ್ ಗ್ರೂಪಿನವರೆಗೆ

ಅಡಿಕೆ ಸುಗ್ಗಿಗೆ ಊರಿಗೆ ಹೋಗಿದ್ದಾಗ ಎರಡೇ ದಿನದಲ್ಲಿ ನನ್ನ ಫೋನಿಗೆ ಮೂರು ವಾಟ್ಸಾಪ್ ಗ್ರೂಪ್ ಬಂದು ಬಿದ್ದವು. ಮೂರೂ ಬೇರೆ ಬೇರೆ ಪಕ್ಷದವು. ತಮಾಷೆ ಅಂದ್ರೆ, ಸೇರಿಸಿದ ಮೂವರೂ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಒಬ್ಬ ಈಗ ಬೂತ್ ಕಮಿಟಿಯಲ್ಲಿದ್ದಾನೆ, ಇನ್ನೊಬ್ಬ ಪೇಜ್ ಪ್ರಮುಖ. ಮೂರನೆಯವನಿಗೆ ಹುದ್ದೆ ಏನೂ ಇಲ್ಲ, ಆದರೆ ಬೈಕ್ ಇದೆ. ಮಲೆನಾಡಿನ ಚುನಾವಣೆಯಲ್ಲಿ ಹುದ್ದೆಗಿಂತ ಬೈಕ್ ದೊಡ್ಡದು.

ಯಾಕೆ ಅಂತ ನಮ್ಮ ಕಡೆಯ ಊರು ನೋಡಿದವರಿಗೆ ಗೊತ್ತು. ಬಯಲುಸೀಮೆ ಥರ ಇಲ್ಲಿ ನೂರು ಮನೆ ಒಟ್ಟಿಗೆ ಸಿಗೋದಿಲ್ಲ. ಗುಡ್ಡದ ಈಚೆ ಒಂದು ಮನೆ, ತೋಟದ ಆಚೆ ಎರಡು, ಹಳ್ಳ ದಾಟಿದರೆ ಇನ್ನೊಂದು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಇದೇ ಕತೆ. ಮೈಕ್ ಕಟ್ಟಿಕೊಂಡ ಜೀಪು ಡಾಂಬರು ರಸ್ತೆಯಲ್ಲಿ ಕೂಗಿಕೊಂಡು ಹೋದರೆ ಕೇಳಿಸಿಕೊಳ್ಳೋದು ಮರ ಮತ್ತು ಮಂಗ. ಓಟು ಬೇಕಾದರೆ ಮೆಟ್ಟಿಲು ಹತ್ತಲೇಬೇಕು. ಹತ್ತುವವರು ಯಾರು, ಯಾತಕ್ಕಾಗಿ ಹತ್ತುತ್ತಾರೆ ಅನ್ನೋದೇ ಇಲ್ಲಿನ ಪ್ರತಿ ಚುನಾವಣೆಯ ಅಸಲಿ ಪ್ರಶ್ನೆ.

ಈ ಪ್ರಶ್ನೆಗೆ ಮೊದಲ ಉತ್ತರ ಸಿಕ್ಕಿದ್ದು ಚುನಾವಣೆಯಲ್ಲಿ ಅಲ್ಲ, ಗದ್ದೆಯಲ್ಲಿ.

ಸಾಗರದ ಪಕ್ಕದ ಕಾಗೋಡು. 1951ರ ಏಪ್ರಿಲ್ 18. ಗೇಣಿದಾರರು ನೇಗಿಲು ಹಿಡಿದುಕೊಂಡು ತಾವು ಉಳುತ್ತಿದ್ದ, ಆದರೆ ತಮ್ಮದಲ್ಲದ ಭೂಮಿಗೆ ಇಳಿದರು. ಹೆಚ್ಚಿನವರು ದೀವರು. ತಕರಾರಿನ ಕೇಂದ್ರದಲ್ಲಿದ್ದದ್ದು ಒಂದು ಪಾತ್ರೆ, ಅಂದರೆ ಭತ್ತ ಅಳೆಯುವ ಕೊಳಗ. ಗೇಣಿ ಅಳೆಯುವಾಗ ಒಡೆಯರು ಇಡುತ್ತಿದ್ದ ಕೊಳಗ ದೊಡ್ಡದು, ನ್ಯಾಯವಾದ ಅಳತೆಯಲ್ಲಿ ಅಳೆಯಿರಿ ಅನ್ನೋದು ರೈತರ ಒತ್ತಾಯ. ಅದರ ಜೊತೆಗೆ ಬಿಟ್ಟಿ ಚಾಕರಿ, ಭೂಮಿಯಿಂದ ಬಿಡಿಸುವ ಬೆದರಿಕೆ. ಎಚ್. ಗಣಪತಿಯಪ್ಪ ಇದಕ್ಕೂ ಮುಂಚೆಯೇ ತಾಲ್ಲೂಕಿನಲ್ಲಿ ರೈತ ಸಂಘ ಕಟ್ಟಿ ಊರೂರು ತಿರುಗಿದ್ದರು. ಸೋಷಲಿಸ್ಟ್ ಪಕ್ಷ ಬೆನ್ನಿಗೆ ನಿಂತಿತು. ದಿನಾ ಒಂದೊಂದು ತಂಡ ಹೋಗೋದು, ಬಂಧನಕ್ಕೆ ಒಳಗಾಗೋದು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಅದುವರೆಗೆ ಶಿವಮೊಗ್ಗದ ಆಚೆ ಯಾರೂ ಹೆಸರು ಕೇಳಿರದ ಊರು ದೇಶಕ್ಕೆ ಗೊತ್ತಾಯಿತು.

ಆಮೇಲೆ ಒಂದು ವರ್ಷವೂ ತುಂಬುವ ಮೊದಲು ದೇಶದ ಮೊದಲ ಸಾರ್ವತ್ರಿಕ ಚುನಾವಣೆ ಬಂತು. ಸಾಗರ-ಹೊಸನಗರ ಕ್ಷೇತ್ರಕ್ಕೆ ಸೋಷಲಿಸ್ಟ್ ಅಭ್ಯರ್ಥಿ ಶಾಂತವೇರಿ ಗೋಪಾಲಗೌಡ. ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ 1923ರ ಮಾರ್ಚ್‌ನಲ್ಲಿ ಹುಟ್ಟಿದವರು. ಲೆಕ್ಕ ಹಾಕಿ ನೋಡಿ, ಆಗ ವಯಸ್ಸು ಇಪ್ಪತ್ತೆಂಟು. ನಮ್ಮಲ್ಲಿ ಎಷ್ಟೋ ಜನ ಆ ವಯಸ್ಸಿನಲ್ಲಿ ಅಪ್ರೈಸಲ್ ಫಾರಂ ತುಂಬಿಸ್ತಾ ಇರ್ತೀವಿ.

ಅವತ್ತಿನ ಓಟು ಹಾಕುವ ವಿಧಾನ ಕೇಳಿದರೆ ಕಾರ್ಯಕರ್ತರ ಕೆಲಸ ಎಷ್ಟು ಕಷ್ಟದ್ದಿತ್ತು ಅಂತ ಅರ್ಥ ಆಗುತ್ತೆ. ಮತಪತ್ರದ ಮೇಲೆ ಗುರುತು ಒತ್ತುವ ಪದ್ಧತಿ ಆಗ ಇರಲಿಲ್ಲ. ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿಹ್ನೆ. ನಿಮ್ಮ ಚೀಟಿಯನ್ನು ನಿಮಗೆ ಬೇಕಾದ ಪೆಟ್ಟಿಗೆಗೆ ಹಾಕಿ ಬರೋದು, ಅಷ್ಟೇ. ಕಾಂಗ್ರೆಸ್ಸಿನದು ಜೋಡೆತ್ತು, ಸೋಷಲಿಸ್ಟರದು ಮರ. ಗದ್ದೆ ಉಳುವವನಿಗೆ ಜೋಡೆತ್ತು ಕಂಡರೆ ಕೈ ತಾನಾಗಿ ಆ ಕಡೆ ಹೋಗೋದೇ ಅಲ್ವಾ! ಓದು ಬಾರದ, ಜೀವನದಲ್ಲಿ ಮೊದಲ ಸಲ ಓಟು ಹಾಕುವ ಜನರಿಗೆ ‘ಎತ್ತು ಅಲ್ಲ, ಮರ’ ಅಂತ ಮನೆಮನೆಗೆ ಹೋಗಿ ಹೇಳಬೇಕಿತ್ತು. ಹೇಳಿದವರು ಯಾರು? ಹಿಂದಿನ ಮಳೆಗಾಲದಲ್ಲಿ ಜೈಲು ನೋಡಿ ಬಂದವರು. ನನ್ನ ಪ್ರಕಾರ ಗುಟ್ಟು ಇಲ್ಲೇ ಇದೆ. ಆ ಪ್ರಚಾರಕ್ಕೆ ಪಕ್ಷ ಕಾರ್ಯಕರ್ತರನ್ನು ಹುಡುಕಬೇಕಾಗಿರಲಿಲ್ಲ. ಸತ್ಯಾಗ್ರಹವೇ ಅವರನ್ನು ಪಟ್ಟಿ ಮಾಡಿ ಕೊಟ್ಟಿತ್ತು.

ಮೈಸೂರು ರಾಜ್ಯದ 99 ಸ್ಥಾನಗಳಲ್ಲಿ ಕಾಂಗ್ರೆಸ್ 74 ಗೆದ್ದಿತು. ಸೋಷಲಿಸ್ಟರಿಗೆ ಬಂದದ್ದು ಮೂರು. ಆ ಮೂರರಲ್ಲಿ ಒಂದು ಗೋಪಾಲಗೌಡರದು.

‘ಒಂದು ಓಟು, ಒಂದು ನೋಟು’ ಅನ್ನುವ ಮಾತು ಅವರ ಹೆಸರಿನ ಜೊತೆ ಈಗಲೂ ಅಂಟಿಕೊಂಡಿದೆ. ನಮ್ಮ ಕಡೆ ಹಳಬರ ಹತ್ತಿರ ಕೂತರೆ ಚಹಾ ಮುಗಿಯುವುದರೊಳಗೆ ಈ ಮಾತು ಬರುತ್ತೆ. ನೋಟು ಅಂದ ತಕ್ಷಣ ನೀವು ಈಗಿನ ಥರ ಯೋಚನೆ ಮಾಡಬೇಡಿ. ಇದು ಉಲ್ಟಾ. ಅಭ್ಯರ್ಥಿ ಮತದಾರನಿಗೆ ಕೊಡೋದಲ್ಲ, ಮತದಾರ ಅಭ್ಯರ್ಥಿಗೆ ಓಟಿನ ಜೊತೆ ಒಂದು ನೋಟನ್ನೂ ಕೊಡೋದು. ಇದರ ಲೆಕ್ಕಾಚಾರ ಬರೀ ದುಡ್ಡಿನದಲ್ಲ. ಕಿಸೆಯಿಂದ ಒಂದು ರೂಪಾಯಿ ಕೊಟ್ಟವನು ಸಂಜೆ ಪಕ್ಕದ ಮನೆಯವನಿಗೆ ಅದನ್ನು ಹೇಳದೆ ಇರ್ತಾನಾ? ಕೊಟ್ಟ ಗಳಿಗೆಯಲ್ಲೇ ಅವನು ಪ್ರಚಾರಕ ಆಗಿಬಿಟ್ಟ. ಇವತ್ತು ಕ್ರೌಡ್‌ಫಂಡಿಂಗ್ ಅಂತ ಕರೆಯೋದು ಇದನ್ನೇ, ಆದರೆ ಆ್ಯಪ್ ಇಲ್ಲದೆ.

ಹಾಗಂತ ಎಲ್ಲಾ ಸರಾಗವಾಗಿ ನಡೆಯಿತು ಅಂತಲ್ಲ. 1957ರಲ್ಲಿ ಗೋಪಾಲಗೌಡರು ಸೋತರು. ಜನರ ಪ್ರೀತಿ ಒಂದು ಕಡೆ, ಬೂತಿನ ಲೆಕ್ಕ ಇನ್ನೊಂದು ಕಡೆ ಅನ್ನೋದು ಅವತ್ತೂ ನಿಜವೇ. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. 1972ರ ಜೂನ್‌ನಲ್ಲಿ ತೀರಿಕೊಂಡಾಗ ಐವತ್ತು ತುಂಬಿರಲಿಲ್ಲ. ಉಳುವವನಿಗೆ ಭೂಮಿ ಕೊಡುವ ಕಾನೂನು ತಿದ್ದುಪಡಿ 1974ರಲ್ಲಿ ಜಾರಿಗೆ ಬಂತು. ಅದನ್ನು ತಂದದ್ದು ದೇವರಾಜ ಅರಸರ ಕಾಂಗ್ರೆಸ್ ಸರ್ಕಾರ. ಅಂದರೆ ಬಿತ್ತಿದವರು ಒಬ್ಬರು, ಕೊಯ್ದವರು ಇನ್ನೊಬ್ಬರು. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯ ನಾಯಕನಲ್ಲಿ ಗೋಪಾಲಗೌಡರ ನೆರಳಿದೆ ಅಂತ ಓದಿದವರಿಗೆಲ್ಲಾ ಗೊತ್ತು. ಓದಿಲ್ಲದಿದ್ದರೆ ಅನಂತನಾಗ್ ನಟಿಸಿದ ಸಿನಿಮಾ ಆದರೂ ನೋಡಿ.

ಈಗಿನ ಕಾಲಕ್ಕೆ ಬರೋಣ. ಹೊಸನಗರ ಅನ್ನುವ ವಿಧಾನಸಭಾ ಕ್ಷೇತ್ರವೇ ಈಗ ಇಲ್ಲ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ತಾಲ್ಲೂಕನ್ನು ಹರಿದು ಅರ್ಧ ಸಾಗರಕ್ಕೆ, ಅರ್ಧ ತೀರ್ಥಹಳ್ಳಿಗೆ ಹಾಕಿದರು. ಒಂದೇ ಸಂತೆಗೆ ಬರುವ ಅಣ್ಣ-ತಮ್ಮ ಬೇರೆ ಬೇರೆ ಎಂಎಲ್‌ಎಗೆ ಓಟು ಹಾಕ್ತಾರೆ. ಪಕ್ಷದವರಿಗೂ ಇದು ತಲೆನೋವು. ತಾಲ್ಲೂಕು ಕಮಿಟಿ ಒಂದು, ಟಿಕೆಟ್ ಕೇಳುವ ಜಾಗ ಎರಡು. ಹೊಸನಗರದ ಕಾರ್ಯಕರ್ತರು ಎರಡೂ ಕಡೆ ‘ಹೊರಗಿನವರು’ ಅಂತ ಗೊಣಗುವುದನ್ನು ನಾನೇ ಕೇಳಿದ್ದೇನೆ.

ಪೇಜ್ ಪ್ರಮುಖ ಗೆಳೆಯ ತನ್ನ ಕೆಲಸ ವಿವರಿಸಿದ. ಮತದಾರರ ಪಟ್ಟಿಯ ಒಂದು ಪುಟ ಅವನ ಪಾಲಿಗೆ. ಸುಮಾರು ಮೂವತ್ತು ಹೆಸರು, ಹಾಳೆಯ ಎರಡೂ ಬದಿ ಆದರೆ ಅದರ ದುಪ್ಪಟ್ಟು. ಯಾರು ನಮ್ಮವರು, ಯಾರು ಅವರವರು, ಯಾರು ಡೌಟು. ಯಾರು ತೀರಿಕೊಂಡರು, ಯಾರು ಮದುವೆಯಾಗಿ ಹೋದರು, ಯಾರು ಬೆಂಗಳೂರಿನಲ್ಲಿದ್ದಾರೆ, ಎಲ್ಲಾ ಬರೆದಿಡಬೇಕು. ಕೇಳೋಕೆ ಸುಲಭ. ಆದರೆ ಆ ಮೂವತ್ತು ಜನರ ಮನೆಗೆ ಮೂರು ಸಲ ಹೋಗಬೇಕು. ಹೋದಲ್ಲೆಲ್ಲಾ ಪ್ರಶ್ನೆ. ಎಲೆಚುಕ್ಕೆ ರೋಗಕ್ಕೆ ಏನು ಮಾಡಿದ್ರಿ? ಬಗರ್‌ಹುಕುಂ ಅರ್ಜಿ ಏನಾಯ್ತು? ಅರಣ್ಯ ಇಲಾಖೆ ನೋಟಿಸು ಯಾಕೆ ಬಂತು? ಶರಾವತಿ ಹಿನ್ನೀರಿಗೆ ಊರು ಬಿಟ್ಟು ಬಂದ ಕುಟುಂಬಗಳಂತೂ ಲಿಂಗನಮಕ್ಕಿ ಅಣೆಕಟ್ಟು ಮುಗಿದ 1964ರಿಂದ ಇದೇ ಕೇಳ್ತಾ ಇದ್ದಾರೆ: ನಮ್ಮ ಜಾಗಕ್ಕೆ ಪಟ್ಟಾ ಯಾವಾಗ? ಉತ್ತರ ಪೇಜ್ ಪ್ರಮುಖನ ಹತ್ತಿರ ಇಲ್ಲ. ಅವನ ಹತ್ತಿರ ಇರೋದು ಒಂದು ಕರಪತ್ರ, ಒಂದು ಕ್ಯೂಆರ್ ಕೋಡ್.

ಹಿನ್ನೀರಿನ ಆಚೆ ತುಮರಿ ಕಡೆಗೆ ಪ್ರಚಾರಕ್ಕೆ ಹೋಗೋದು ಅಂದರೆ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯೋದು ಅಂತಲೇ ಅರ್ಥ ಇತ್ತು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಅಲ್ಲೇ ಯಾರದ್ದೋ ಮನೆಯಲ್ಲಿ ಊಟ, ನಿದ್ದೆ. ಎಷ್ಟೋ ಓಟು ಹಾಗೆ ಲಾಂಚ್ ತಪ್ಪಿದ ರಾತ್ರಿಗಳಲ್ಲೇ ಬಂದಿರಬೇಕು ಅಂತ ನನ್ನ ಅನುಮಾನ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಯಿತು. ಈಗ ಕಾರು ಹೋಗುತ್ತೆ, ಭಾಷಣ ಮಾಡುತ್ತೆ, ಕತ್ತಲಾಗುವ ಮೊದಲು ವಾಪಸ್ ಬರುತ್ತೆ.

ದುಡ್ಡಿನ ವಿಷಯ ಬಿಟ್ಟರೆ ಲೇಖನ ಸುಳ್ಳಾಗುತ್ತೆ. ಕರ್ನಾಟಕದಲ್ಲಿ ವಿಧಾನಸಭೆ ಅಭ್ಯರ್ಥಿ ಕಾನೂನು ಪ್ರಕಾರ ಖರ್ಚು ಮಾಡಬಹುದಾದ್ದು 40 ಲಕ್ಷ ರೂಪಾಯಿ. ಅದರೊಳಗೆ ಎಷ್ಟು ಜನ ಮುಗಿಸ್ತಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಸಮಾವೇಶಕ್ಕೆ ಹೋದರೆ ಊಟ, ಪೆಟ್ರೋಲು, ಮೇಲೆ ದಿನಗೂಲಿ. ಅಡಿಕೆ ಕೊಯ್ಲಿನ ಕೂಲಿಗಿಂತ ಕಮ್ಮಿ ಕೊಟ್ಟರೆ ಬರೋರಿಲ್ಲ ಅಂತ ಬೈಕ್ ಗೆಳೆಯ ನಗಾಡಿದ. ಅವನನ್ನು ದೂರೋದು ಹೇಗೆ? ಎರಡು ವಾರ ಕೆಲಸ ಬಿಟ್ಟು ತಿರುಗಿದರೆ ಮನೆ ನಡೆಯಬೇಕಲ್ಲ. ಆದರೂ ಕೂಲಿ ತಗೊಂಡು ಬಂದವನ ಮಾತು ಪಕ್ಕದ ಮನೆಯವನು ಎಷ್ಟು ನಂಬ್ತಾನೆ ಅನ್ನೋದು ಅವನಿಗೇ ಚೆನ್ನಾಗಿ ಗೊತ್ತು.

ದುಡ್ಡಿಲ್ಲದೆ ಮಾಡಬಹುದಾದ, ಆದರೆ ಯಾರಿಗೂ ಬೇಡವಾದ ಕೆಲಸಗಳು ಬೇಕಾದಷ್ಟಿವೆ. ಹದಿನೆಂಟು ತುಂಬಿದ ಹುಡುಗರಿಗೆ ಫಾರಂ 6 ತುಂಬಿಸೋದು (ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖು, ಹೀಗೆ ವರ್ಷಕ್ಕೆ ನಾಲ್ಕು ಅವಕಾಶ). ಮತದಾನದ ದಿನ ಪೋಲಿಂಗ್ ಏಜೆಂಟ್ ಆಗಿ ಕೂರೋದು. ಏಳು ಗಂಟೆಗೆ ಮತದಾನ ಶುರುವಾಗಬೇಕಾದರೆ ಅದಕ್ಕೂ ಒಂದೂವರೆ ಗಂಟೆ ಮೊದಲು ಅಣಕು ಮತದಾನ. ಏಜೆಂಟರ ಎದುರಿಗೆ ಕನಿಷ್ಠ 50 ಓಟು ಒತ್ತಿ ತೋರಿಸಬೇಕು. ಮುಗಿದ ಮೇಲೆ ಒಟ್ಟು ಎಷ್ಟು ಓಟು ಬಿತ್ತು ಅನ್ನುವ 17ಸಿ ಫಾರಂನ ಪ್ರತಿ ಏಜೆಂಟನ ಕೈಗೆ ಬರುತ್ತೆ. ಅದನ್ನು ಜೋಪಾನ ಮಾಡಿ ಎಣಿಕೆಯ ದಿನಕ್ಕೆ ತಲುಪಿಸಬೇಕು. ಸೆಲ್ಫಿಗೆ ಸಿಗುವ ಕೆಲಸ ಅಲ್ಲ. ಹಾಗೇ ಇನ್ನೊಂದು ವಿಷಯ: ಮತದಾರರನ್ನು ಬೂತಿಗೆ ಕರೆತರೋಕೆ ಅಭ್ಯರ್ಥಿ ಕಡೆಯವರು ಗಾಡಿ ಬಾಡಿಗೆ ಮಾಡಿ ಬಿಟ್ಟರೆ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆ ಪ್ರಕಾರ ಅದು ಭ್ರಷ್ಟ ಆಚರಣೆ. ‘ಬೆಂಗಳೂರಿಂದ ಬಸ್ ಬಿಡ್ತೀವಿ, ಸೀಟು ಫ್ರೀ’ ಅಂತ ಮೆಸೇಜ್ ಬಂದರೆ ನೆನಪಿರಲಿ.

ಹೊರಡುವ ಹಿಂದಿನ ರಾತ್ರಿ ನಮ್ಮನೆ ಅಂಗಳದಲ್ಲಿ ಅಡಿಕೆ ಸುಲಿಯುವುದು ನಡೆದಿತ್ತು. ಪೇಜ್ ಪ್ರಮುಖ ಬಂದು, ಕರಪತ್ರ ಪಕ್ಕಕ್ಕಿಟ್ಟು, ತಾನೂ ಮೆಟ್ಟುಗತ್ತಿ ಹಾಕಿಕೊಂಡು ಕೂತ. ರಾತ್ರಿ ಹನ್ನೊಂದರವರೆಗೆ ಎರಡು ಡಬ್ಬ ಸುಲಿದ. ಪಕ್ಷದ ಹೆಸರು ಒಂದು ಸಲವೂ ಎತ್ತಲಿಲ್ಲ. ಸೊಸೈಟಿ ಸಾಲ, ಯಾರದ್ದೋ ಮಗಳ ಮದುವೆ, ಮಂಗನ ಕಾಟ, ಇಷ್ಟೇ ಮಾತು. ಇವನಿಗೆ ಕೆಲಸ ಗೊತ್ತು ಅಂತ ಅನಿಸಿದ್ದು ಆಗ.

ಅವನು ಕೈ ತೊಳೆಯೋಕೆ ಎದ್ದಾಗ ಕಿಸೆಯಿಂದ ಪಟ್ಟಿ ಕೆಳಗೆ ಬಿತ್ತು. ಎತ್ತಿ ಕೊಡುವಾಗ ಕಣ್ಣು ಹೋಯಿತು. ಅಪ್ಪನ ಹೆಸರಿನ ಮುಂದೆ ಸರಿ ಗುರುತು, ಅಮ್ಮನ ಮುಂದೆ ಪ್ರಶ್ನಾರ್ಥಕ. ನನ್ನ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಬರೆದಿದ್ದ: ‘ಬೆಂಗಳೂರು. ಬರೋದಿಲ್ಲ.’