ಡಬ್ಬದ ಮೇಲಿನ ನಾನೂರು ಡಿಗ್ರಿ

ಪಿಜ್ಜಾ ಮಾಡಲು ಅಹಮದಾಬಾದು ಇಟಲಿಯ ಅಪ್ಪಣೆಗೆ ಕಾಯಲಿಲ್ಲ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಜೈನ್ ಪಿಜ್ಜಾ, ಗರಿಗರಿ ಭಾಖರಿಗೆ ಸಾಸ್ ಬಳಿದು ಚೀಸ್ ತುರಿದು ಹಾಕುವ ಭಾಖರಿ ಪಿಜ್ಜಾ, ಎಲ್ಲವೂ ಅಲ್ಲಿ ಮನೆಮಾತು. ಊರಿನ ಜಸುಬೆನ್ ಪಿಜ್ಜಾವನ್ನಂತೂ ಆಗ ಮುಖ್ಯಮಂತ್ರಿಯಾಗಿದ್ದ ನರೇಂದ್ರ ಮೋದಿ 2013ರಲ್ಲಿ ಉದ್ಯಮಿಗಳ ಒಕ್ಕೂಟ ಫಿಕ್ಕಿಯ ಮಹಿಳಾ ವಿಭಾಗದ ಭಾಷಣದಲ್ಲೇ ಹೊಗಳಿದ್ದರು. ಇಂಥ ಊರಿನ ಸ್ಯಾಟಲೈಟ್ ಬಡಾವಣೆಯ ಫ್ಲ್ಯಾಟೊಂದರಲ್ಲಿ ಅಡುಗೆ ಕಟ್ಟೆಯ ಮೇಲೆ ಕೂರುವ ಅಗ್ಗದ ಕರೆಂಟ್ ಪಿಜ್ಜಾ ಓವನ್ ಕೊಳ್ಳುವ ಯೋಚನೆ ಬಂದರೆ ನೋಡಬೇಕಾದ್ದೇನು? ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ‘400 ಡಿಗ್ರಿ’ ಎಂದು ಅಚ್ಚಾಗಿರುತ್ತದೆ. ಕೊಳ್ಳುವವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಆದರೆ ಪಿಜ್ಜಾ ಬೇಯಿಸುವುದು ಆ ಅಂಕಿಯಲ್ಲ.

ನಾನೂರರ ಮೋಹ ಬಂದದ್ದು ನೇಪಲ್ಸ್‌ನಿಂದ. ಅಲ್ಲಿ 1984ರಲ್ಲಿ ಹುಟ್ಟಿದ ಪಿಜ್ಜಾ ತಯಾರಕರ ಸಂಘದ ನಿಯಮದ ಪ್ರಕಾರ ಕಟ್ಟಿಗೆ ಒಲೆಯಲ್ಲಿ ಪಿಜ್ಜಾ 60ರಿಂದ 90 ಸೆಕೆಂಡಿನೊಳಗೆ ಬೇಯಬೇಕು. ನಮ್ಮ ಮನೆಗಳ ಒಟಿಜಿ ಓವನ್ ಸಾಮಾನ್ಯವಾಗಿ 230–250 ಡಿಗ್ರಿಗೇ ನಿಂತುಬಿಡುತ್ತದೆ. ಅದರಲ್ಲಿ ಪಿಜ್ಜಾಕ್ಕೆ ಹತ್ತು ಹನ್ನೆರಡು ನಿಮಿಷ ಬೇಕು. ಅಷ್ಟರಲ್ಲಿ ಅಂಚು ಒಣಗಿ ಬಿಸ್ಕತ್ತಾಗಿರುತ್ತದೆ.

ಪಿಜ್ಜಾಕ್ಕೆ ಶಾಖ ಬರುವುದು ಎರಡು ದಾರಿಯಲ್ಲಿ. ಕೆಳಗಿನಿಂದ ಓವನ್ನಿನ ನೆಲದ ಕಲ್ಲನ್ನು ಮುಟ್ಟಿ, ಮೇಲಿನಿಂದ ಕಾಯಿಲ್ ಮತ್ತು ಮುಚ್ಚಳದ ವಿಕಿರಣದಿಂದ. ಬಿಸಿಗಾಳಿಯ ಪಾಲು ಇದೆ, ಆದರೆ ಇಷ್ಟು ಕಡಿಮೆ ಹೊತ್ತಿನಲ್ಲಿ ಅದು ಸಣ್ಣದು. ವಿಕಿರಣದ ಲೆಕ್ಕ ಸ್ವಾರಸ್ಯದ್ದು. ಅದು ತಾಪದ ನಾಲ್ಕನೆಯ ಘಾತದಂತೆ ಏರುತ್ತದೆ. 230ರಿಂದ 400 ಡಿಗ್ರಿಗೆ ಹೋದಾಗ ಕಾದ ಮೈ ಹೊರಸೂಸುವ ಶಾಖ ಮೂರು ಪಟ್ಟಿಗಿಂತ ತುಸು ಹೆಚ್ಚಾಗುತ್ತದೆ. ಈ ನಿಯಮ ಸ್ಯಾಟಲೈಟ್ ಬಡಾವಣೆಗೆ ಹೊಸದೇನಲ್ಲ. ಇಸ್ರೋದ ಬಾಹ್ಯಾಕಾಶ ಅನ್ವಯ ಕೇಂದ್ರ ಇರುವುದು ಇಲ್ಲೇ. ಹಾಸನ ಜಿಲ್ಲೆಯ ಎ. ಎಸ್. ಕಿರಣ್ ಕುಮಾರ್ 1975ರಲ್ಲಿ ಕೆಲಸಕ್ಕೆ ಸೇರಿದ್ದು, ಇಸ್ರೋ ಅಧ್ಯಕ್ಷರಾಗುವ ಮೊದಲು ನಿರ್ದೇಶಕರಾಗಿದ್ದದ್ದು ಇದೇ ಕೇಂದ್ರದಲ್ಲಿ. ಉಪಗ್ರಹದ ಉಪಕರಣಗಳನ್ನು ನಿರ್ವಾತ ಕೋಣೆಯಲ್ಲಿಟ್ಟು ಕಾಯಿಸಿ, ತಣಿಸಿ ಪರೀಕ್ಷಿಸುವವರಿಗೆ ಈ ನಾಲ್ಕನೆಯ ಘಾತ ನಿತ್ಯದ ಒಡನಾಡಿ.

ಕೆಳಗಿನ ದಾರಿ ಇನ್ನೂ ಸೂಕ್ಷ್ಮ. ಆಂದ್ರೇ ವರ್ಲಾಮೋವ್, ಆಂದ್ರೇಯಾಸ್ ಗ್ಲಾಟ್ಸ್ ಎಂಬ ಭೌತವಿಜ್ಞಾನಿಗಳು ಸೆರ್ಜಿಯೋ ಗ್ರಾಸ್ಸೋ ಜೊತೆ ಸೇರಿ 2018ರಲ್ಲಿ ಪಿಜ್ಜಾದ ಭೌತಶಾಸ್ತ್ರದ ಮೇಲೊಂದು ಪ್ರಬಂಧ ಬರೆದರು. ಅವರ ಲೆಕ್ಕ ಹೀಗೆ: 330 ಡಿಗ್ರಿಗೆ ಕಾದ ಇಟ್ಟಿಗೆಯ ಮೇಲೆ ಹಸಿ ಹಿಟ್ಟು ಬಿದ್ದಾಗ ಅವೆರಡೂ ಕೂಡುವ ಜಾಗದ ತಾಪ ಸುಮಾರು 210 ಡಿಗ್ರಿ. ಅಷ್ಟೇ ಕಾದ ಉಕ್ಕಿನ ತಟ್ಟೆಯಾದರೆ 300 ಡಿಗ್ರಿ. ಉಕ್ಕು ತನ್ನೊಳಗಿನ ಶಾಖವನ್ನು ಮೇಲ್ಮೈಗೆ ಬೇಗ ತಂದು ಸುರಿಯುತ್ತದೆ, ಇಟ್ಟಿಗೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಹಾಗಾಗಿ ಉಕ್ಕಿನ ಮೇಲೆ ತಳ ಕರಕಲಾದರೂ ಮೇಲಿನ ಟೊಮೆಟೊ ಹಸಿಯಾಗಿಯೇ ಇರುತ್ತದೆ. ಉಕ್ಕಿನ ಓವನ್ನನ್ನು 230 ಡಿಗ್ರಿಗೆ ಇಳಿಸಿದರೆ ತಳಕ್ಕೆ ಮತ್ತೆ ಅದೇ 210 ಸಿಗುತ್ತದೆ, ಆದರೆ ಮೇಲಿನ ವಿಕಿರಣ ತಗ್ಗುವುದರಿಂದ ಬೇಯುವ ಸಮಯ ಎರಡು ನಿಮಿಷದಿಂದ ಮೂರರ ಹತ್ತಿರಕ್ಕೆ ಹೋಗುತ್ತದೆ.

ಹೀಗಾಗಿ ಕೊಳ್ಳುವವರು ಮೊದಲು ಕೇಳಬೇಕಾದ್ದು, ಒಳಗಿನ ನೆಲ ಯಾವುದರದ್ದು ಎಂದು. ಒಳ್ಳೆಯ ಪುಟ್ಟ ಓವನ್‌ಗಳಲ್ಲಿ ಕಾರ್ಡಿಯರೈಟ್ ಎಂಬ ಪಿಂಗಾಣಿ ಜಾತಿಯ ಕಲ್ಲಿರುತ್ತದೆ. ಮೆಗ್ನೀಸಿಯಂ, ಅಲ್ಯುಮಿನಿಯಂ, ಸಿಲಿಕಾ ಸೇರಿದ ಇದು ಕಾದಾಗ ಹಿಗ್ಗುವುದು ತೀರ ಕಡಿಮೆ. ಆದ್ದರಿಂದಲೇ ತಣ್ಣನೆಯ ಹಿಟ್ಟು ಬಿದ್ದರೂ ಬಿರುಕು ಬಿಡುವುದಿಲ್ಲ. ಕುಂಬಾರಿಕೆಯ ಭಟ್ಟಿಗಳ ಹಲಗೆಗಳಿಗೂ ಕಾರುಗಳ ಹೊಗೆ ಶುದ್ಧಿ ಮಾಡುವ ಕನ್ವರ್ಟರಿಗೂ ಬಳಸುವುದು ಇದನ್ನೇ. ಕೆಲವು ಅಗ್ಗದ ‘ಪಿಜ್ಜಾ ಮೇಕರ್’ಗಳಲ್ಲಿ ಮಾತ್ರ ಕಲ್ಲಿನ ಬದಲು ನಾನ್‌ಸ್ಟಿಕ್ ತಟ್ಟೆ. ಟೆಫ್ಲಾನ್ ಲೇಪ 260 ಡಿಗ್ರಿ ದಾಟಿದರೆ ಹಾಳಾಗತೊಡಗುತ್ತದೆ, ಇನ್ನೂ ಕಾದರೆ ಅದರ ಹೊಗೆ ಆರೋಗ್ಯಕ್ಕೂ ಕೆಟ್ಟದ್ದು. ನಾನ್‌ಸ್ಟಿಕ್ ತಟ್ಟೆಯೂ ಇದೆ, ನಾನೂರು ಡಿಗ್ರಿಯೂ ಬರುತ್ತದೆ ಎಂದು ಒಂದೇ ಡಬ್ಬ ಹೇಳಿಕೊಂಡರೆ ಅದನ್ನು ಅಲ್ಲೇ ಕೆಳಗಿಡುವುದು ಕ್ಷೇಮ.

ಕಲ್ಲು ಸಿಕ್ಕಿತು ಅಂದುಕೊಳ್ಳೋಣ. 31 ಸೆಂಟಿಮೀಟರ್ ಅಗಲ, ಒಂದೂವರೆ ಸೆಂಟಿಮೀಟರ್ ದಪ್ಪದ ಕಲ್ಲು ಸುಮಾರು ಎರಡು ಕಿಲೋ ತೂಗುತ್ತದೆ. ಅದನ್ನು 30ರಿಂದ 350 ಡಿಗ್ರಿಗೆ ಏರಿಸಲು ಆರುನೂರು ಕಿಲೋಜೂಲಿನ ಆಸುಪಾಸು ಶಾಖ ಬೇಕು. 1200 ವ್ಯಾಟಿನ ಕಾಯಿಲ್‌ನ ಎಲ್ಲ ಶಾಖವೂ ಕಲ್ಲಿಗೇ ಹೋದರೂ ಎಂಟು ಒಂಬತ್ತು ನಿಮಿಷ. ತೆಳು ತಗಡಿನ ಮೈ, ಸಡಿಲ ಮುಚ್ಚಳಗಳ ಸೋರಿಕೆ ಸೇರಿದರೆ ಹದಿನೈದರಿಂದ ಇಪ್ಪತ್ತು. ‘ಐದು ನಿಮಿಷದಲ್ಲಿ ಸಿದ್ಧ’ ಎಂಬ ಮಾತು ಒಳಗಿನ ಗಾಳಿಗೆ ಹೊಂದೀತು, ಕಲ್ಲಿಗಲ್ಲ. ಅರೆಕಾದ ಹೆಂಚಿಗೆ ದೋಸೆ ಹೊಯ್ದವರಿಗೆ ಮುಂದಿನ ಕತೆ ಹೇಳಬೇಕಾಗಿಲ್ಲ.

ಎರಡನೆಯ ಪಿಜ್ಜಾ ಬಂದಾಗ ಓವನ್ನಿನ ನಿಜವಾದ ಯೋಗ್ಯತೆ ಬಯಲಾಗುತ್ತದೆ. ಒಂದು ಪಿಜ್ಜಾ ಬೇಯುವಾಗ ಕಲ್ಲಿನಿಂದ ನೂರು ಕಿಲೋಜೂಲಿನಷ್ಟು ಹೀರಿದರೂ ಅದರ ತಾಪ ಐವತ್ತು ಡಿಗ್ರಿ ಇಳಿಯುತ್ತದೆ. ಮುಂದಿನದಕ್ಕೆ ನಾಲ್ಕೈದು ನಿಮಿಷ ಕಾಯಲೇಬೇಕು. ಇಬ್ಬರ ಮನೆಗೆ ಇದು ತೊಂದರೆಯಲ್ಲ. ಹತ್ತು ಮಂದಿ ನೆಂಟರು ಕೂತಿರುವ ಭಾನುವಾರಕ್ಕೆ ತೊಂದರೆಯೇ.

ಥರ್ಮೋಸ್ಟಾಟಿನದು ಇನ್ನೊಂದು ತರಲೆ. ಅಗ್ಗದ ಓವನ್‌ಗಳಲ್ಲಿ ಎರಡು ಲೋಹಗಳ ಪಟ್ಟಿ ಬಾಗಿ ಕರೆಂಟ್ ಕಡಿಯುತ್ತದೆ. ಅದು ಅಳೆಯುವುದು ತಾನು ಕೂತ ಜಾಗದ ಬಿಸಿಯನ್ನು. ಕೆಂಪು ದೀಪ ಆರಿದ ಹೊತ್ತಿನಲ್ಲಿ ಪಿಜ್ಜಾ ಒಳಗೆ ಹೋದರೆ ಮೇಲಿನ ಕಾಯಿಲ್ ತಣಿಯುತ್ತಿರುತ್ತದೆ. ತಳ ಕಂದಾದರೂ ಚೀಸ್ ಬೆಳ್ಳಗೇ ಕೂತಿರುತ್ತದೆ. ಬಳಸಿ ಪಳಗಿದವರು ಒಂದು ಕ್ಷಣ ಮುಚ್ಚಳ ತೆರೆದು, ದೀಪ ಮತ್ತೆ ಹೊತ್ತಿ ಕಾಯಿಲ್ ಕೆಂಪಾದ ಮೇಲೆಯೇ ಪಿಜ್ಜಾ ಜಾರಿಸುತ್ತಾರೆ. ಅಗ್ಗದ ಯಂತ್ರದ ಕೊರತೆಯನ್ನು ಹೀಗೆ ಕೈಚಳಕದಿಂದ ತುಂಬಿಕೊಳ್ಳಬಹುದು.

ಕಾಯಿಲ್ ಮತ್ತು ಪಿಜ್ಜಾದ ನಡುವಿನ ಅಂತರವನ್ನು ಮಾತ್ರ ಕೈಚಳಕದಿಂದ ಸರಿಪಡಿಸಲಾಗದು. ಮುಚ್ಚಳ ತೀರ ತಗ್ಗಿದ್ದರೆ ಕಾಯಿಲ್‌ನ ಬಳೆಯಾಕಾರವೇ ಚೀಸಿನ ಮೇಲೆ ಕಪ್ಪು ಗೆರೆಯಾಗಿ ಮೂಡುತ್ತದೆ, ನಡುಭಾಗ ಪೇಲವವಾಗಿ ಉಳಿಯುತ್ತದೆ. ಇದನ್ನು ಪರೀಕ್ಷಿಸಲು ಒಂದು ಪೌಂಡು ಬ್ರೆಡ್ ಸಾಕು. ಕಾದ ಕಲ್ಲಿನ ತುಂಬ ಸ್ಲೈಸುಗಳನ್ನು ಒತ್ತಾಗಿ ಹಾಸಿ, ಒಂದು ನಿಮಿಷ ಮುಚ್ಚಿ, ತೆಗೆದು ಎರಡೂ ಮಗ್ಗುಲು ನೋಡಿದರೆ ಓವನ್ನಿನ ಬಿಸಿ ಎಲ್ಲೆಲ್ಲಿ ಹೆಚ್ಚು ಕಡಿಮೆ ಎಂಬುದರ ನಕ್ಷೆಯೇ ಕೈಗೆ ಬರುತ್ತದೆ. ಕಲ್ಲಿನ ತಾಪ ಅಳೆಯಲು ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ಇದ್ದರೆ ಇನ್ನೂ ಒಳ್ಳೆಯದು. ಹಣೆಯ ಜ್ವರ ನೋಡುವಂಥದ್ದು ಇದಕ್ಕೆ ನಡೆಯದು.

ಚಿಕ್ಕ ವಿಷಯಗಳೂ ಇವೆ. ಬಟರ್ ಪೇಪರ್ ಹಾಕಿ ಪಿಜ್ಜಾ ಇಳಿಸುವ ಒಟಿಜಿ ಅಭ್ಯಾಸ ಇಲ್ಲಿ ಬಿಡಬೇಕು. ಅದು 220 ಡಿಗ್ರಿಯ ಆಸುಪಾಸಿಗಷ್ಟೇ ತಕ್ಕದ್ದು, ಕಾಯಿಲ್ ಹತ್ತಿರ ಹೋದರೆ ಹೊತ್ತಿಕೊಳ್ಳುತ್ತದೆ. ಮರದ ಹಲಗೆಗೆ ಚಿಟಿಕೆ ಚಿರೋಟಿ ರವೆ ಉದುರಿಸಿದರೆ ಹಿಟ್ಟು ಸಲೀಸಾಗಿ ಜಾರುತ್ತದೆ. ರವೆ ಹೆಚ್ಚಾದರೆ ಕಲ್ಲಿನ ಮೇಲೆ ಸುಟ್ಟು ಮನೆಯೆಲ್ಲ ಹೊಗೆ.

ಗುಜರಾತಿ ಮನೆಯ ಮೇಲೋಗರಕ್ಕೆ ನಾನೂರು ಡಿಗ್ರಿ ಬೇಕೇ ಎಂಬುದೂ ಪ್ರಶ್ನೆ. ದಪ್ಪ ಮೆಣಸಿನಕಾಯಿ, ಟೊಮೆಟೊ, ಜೋಳ ರಾಶಿ ಹಾಕಿ ಮೇಲೆ ಚೀಸ್ ಸುರಿದ ಪಿಜ್ಜಾದಲ್ಲಿ ನೀರು ವಿಪರೀತ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2.26 ಕಿಲೋಜೂಲು ತಿನ್ನುತ್ತದೆ. ಆ ನೀರು ಹೋಗುವತನಕ ಮೇಲ್ಮೈ ನೂರು ಡಿಗ್ರಿಯ ಹತ್ತಿರವೇ ಉಳಿಯುತ್ತದೆ, ಕಂದು ಬಣ್ಣ ಬರುವುದಿಲ್ಲ. ಇಂಥ ಪಿಜ್ಜಾಕ್ಕೆ 280–300 ಡಿಗ್ರಿಯಲ್ಲಿ ನಾಲ್ಕೈದು ನಿಮಿಷವೇ ಸರಿ. ಮೊದಲೇ ಬೆಂದಿರುವ ಭಾಖರಿಗಂತೂ ಚೀಸ್ ಕರಗಿಸುವಷ್ಟು ಕಾವು ಸಾಕು. ಮುಚ್ಚಿಟ್ಟ ತವಾದಲ್ಲೇ ಅದು ಸಲೀಸಾಗಿ ಆಗುತ್ತದೆ. ಅದಕ್ಕಾಗಿ ಓವನ್ ಕೊಳ್ಳುವುದು ದಂಡ. ತೆಳು ತಳ, ಕಡಿಮೆ ಸಾಸ್, ಅಲ್ಲಲ್ಲಿ ಮೊಜ್ಜರೆಲ್ಲಾ ಹಾಕಿ ತಿನ್ನುವ ಮನೆಗೆ ಮಾತ್ರ ಈ ಪುಟ್ಟ ಯಂತ್ರ ಒಟಿಜಿಗಿಂತ ನಿಜಕ್ಕೂ ಮೇಲು.

ಹವೆಯದೂ ಲೆಕ್ಕವಿದೆ. 2016ರ ಮೇ 20ರಂದು ಅಹಮದಾಬಾದಿನಲ್ಲಿ 48 ಡಿಗ್ರಿ ದಾಖಲಾಗಿತ್ತು. ಅಂಥ ಬೇಸಿಗೆಯಲ್ಲಿ ಯೀಸ್ಟ್ ಬೆರೆಸಿದ ಹಿಟ್ಟು ಹೊರಗಿಟ್ಟರೆ ನೋಡನೋಡುತ್ತಲೇ ಉಬ್ಬಿ ಹುಳಿಯಾಗುತ್ತದೆ. ಯೀಸ್ಟ್ ಕಡಿಮೆ ಮಾಡಿ ಹಿಟ್ಟನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿಡಬೇಕು. ಉತ್ತರಾಯಣದ ಗಾಳಿಪಟದ ದಿನಗಳಲ್ಲಿ ಅದೇ ಹಿಟ್ಟು ಕಟ್ಟೆಯ ಮೇಲೆ ನಿಧಾನವಾಗಿ ಏಳುತ್ತದೆ. ಓವನ್ನಿನ 1200 ವ್ಯಾಟ್ ಶಾಖವೂ ಕೊನೆಗೆ ಸೇರುವುದು ಅಡುಗೆಮನೆಯ ಗಾಳಿಗೇ, ಮೇ ತಿಂಗಳಲ್ಲಿ ಅದನ್ನು ಹೊರಗೆ ಹಾಕುವ ಕೆಲಸ ಏಸಿಗೆ ಬೀಳುತ್ತದೆ.

ಕರೆಂಟ್ ಖರ್ಚು ಮಾತ್ರ ಹೆದರುವಂಥದ್ದಲ್ಲ. ಅರ್ಧ ಗಂಟೆ ಬಿಡದೆ ಉರಿದರೂ 0.6 ಯೂನಿಟ್. ಪ್ಲಗ್ಗಿನ ಮೇಲೆ ಗಮನವಿರಲಿ: 1200 ವ್ಯಾಟಿಗೆ 230 ವೋಲ್ಟಿನಲ್ಲಿ ಐದು ಆಂಪಿಯರಿಗೂ ಮೇಲೆ ಎಳೆಯುತ್ತದೆ, 1800 ವ್ಯಾಟಾದರೆ ಸುಮಾರು ಎಂಟು. ಮೊದಲಿನದು 6 ಆಂಪಿಯರ್ ಸಾಕೆಟ್ಟಿನಲ್ಲಿ ಅಂಚಿನಲ್ಲಿ ನಡೆದೀತು, ಎರಡನೆಯದಕ್ಕೆ ಗೀಸರಿಗೆ ಬಳಸುವಂಥ 16 ಆಂಪಿಯರಿನದೇ ಬೇಕು. ಮಿಕ್ಸಿ, ಫ್ರಿಜ್ ಸಿಕ್ಕಿಸಿರುವ ಎಕ್ಸ್‌ಟೆನ್ಷನ್ ಬೋರ್ಡಿಗೆ ಎರಡನ್ನೂ ಹಚ್ಚಬಾರದು. ಮೊದಲ ಪಿಜ್ಜಾ ತೆಗೆದ ಮೇಲೆ ಸ್ವಿಚ್ ಆರಿಸಿ ಪ್ಲಗ್ಗಿನ ಮೇಲೆ ಬೆರಳಿಟ್ಟು ನೋಡಿದಾಗ ಅದು ಚುರುಕ್ಕೆಂದರೆ ಓವನ್ನನ್ನು ಆ ಸಾಕೆಟ್ಟಿಗೆ ಮತ್ತೆ ಸಿಕ್ಕಿಸುವ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಬೇಕು.