ಸಿಕಲ್ ಸೆಲ್ ಕಾಯಿಲೆ: ರಕ್ತ ಪರೀಕ್ಷೆಯಷ್ಟೇ ಸಾಲದು, ಕಣ್ಣಿನ ತಪಾಸಣೆಯೂ ಬೇಕು, ಯಾಕೆ?

ಸುಸ್ತು, ಮೈಕೈ ನೋವು ಅಂದ ಕೂಡಲೇ ಮೆಡಿಕಲ್ ಸ್ಟೋರಿನಿಂದ ಐರನ್ ಟಾನಿಕ್ ತಂದು ಕುಡಿಯೋದು ಊರುಗಳಲ್ಲಿ ರೂಢಿ. ಆದರೆ ರಕ್ತಹೀನತೆ ಎಲ್ಲಾ ಒಂದೇ ಅಲ್ಲ. ಸಿಕಲ್ ಸೆಲ್ ಅಥವಾ ಕುಡುಗೋಲು ಕಣ ಕಾಯಿಲೆ ತಂದೆ-ತಾಯಿಯಿಂದ ಬರುವಂಥದ್ದು. ಇಲ್ಲಿ ತೊಂದರೆ ಇರೋದು ಹಿಮೋಗ್ಲೋಬಿನ್ನಿನ ರಚನೆಯಲ್ಲೇ.

ಮೈಸೂರು, ಚಾಮರಾಜನಗರ, ಕೊಡಗು ಭಾಗದ ಕಾಡಂಚಿನ ಹಾಡಿ, ಪೋಡುಗಳಲ್ಲಿ ಈ ಕಾಯಿಲೆ ಇದೆ. ಭಾರತದಲ್ಲಿ ಇದರ ಮೊದಲ ವರದಿಗಳು ಬಂದಿದ್ದು 1952ರಲ್ಲಿ. ಅದರಲ್ಲೊಂದು ಪಕ್ಕದ ನೀಲಗಿರಿ ಬೆಟ್ಟದ ಬುಡಕಟ್ಟು ಜನರದ್ದು.

ದೇಹದೊಳಗೆ ಆಗೋದೇನು?

ಸಾಮಾನ್ಯ ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಕುಡುಗೋಲು ಆಕಾರಕ್ಕೆ ತಿರುಗುವ ಕಣ 10ರಿಂದ 20 ದಿನಕ್ಕೇ ಒಡೆದು ಹೋಗುತ್ತದೆ. ಅಲ್ಲದೆ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಂಡು ದಾರಿ ಕಟ್ಟುತ್ತದೆ. ವಿಪರೀತ ನೋವು ಬರೋದು ಇದರಿಂದಲೇ.

ಆಮ್ಲಜನಕ ಸಿಗದ ಜಾಗದ ಜೀವಕೋಶಗಳು ಸುಮ್ಮನಿರೋದಿಲ್ಲ. 'ಹೊಸ ನಾಳ ಬೇಕು' ಎಂದು ಸಂದೇಶ ಕೊಡುವ ವಿಇಜಿಎಫ್ ಎಂಬ ಪ್ರೋಟೀನ್ ಬಿಡುತ್ತವೆ. ರಕ್ತನಾಳ ಬೆಳೆಸುವ ಅಂಶ ಇದು. ಆಮ್ಲಜನಕ ಕಡಿಮೆಯಾದದ್ದು ಜೀವಕೋಶಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2019ರ ನೊಬೆಲ್ ಬಂತು. ಗಾಯ ಮಾಯುವಾಗ ಇದೇ ವಿಇಜಿಎಫ್ ಉಪಕಾರಿ. ಸಿಕಲ್ ಸೆಲ್ ಇದ್ದವರಲ್ಲಿ ಮಾತ್ರ ಸಂದೇಶ ಮತ್ತೆ ಮತ್ತೆ ಹೋಗುತ್ತಲೇ ಇರುತ್ತದೆ.

ಇದರ ಜತೆ ಪಿಎಲ್‌ಜಿಎಫ್ ಎಂಬ ಇನ್ನೊಂದು ಅಂಶವೂ ಇದೆ. ಒಡೆದ ಕಣಗಳ ಬದಲಿಗೆ ಮೂಳೆಮಜ್ಜೆ ಅವಸರದಲ್ಲಿ ಹೊಸ ಕಣ ತಯಾರಿಸುವಾಗ ಎಳೆಯ ಕಣಗಳು ಇದನ್ನು ಬಿಡುತ್ತವೆ. ಇದು ಬಿಳಿ ರಕ್ತಕಣಗಳನ್ನು ಕೆರಳಿಸಿ ಉರಿಯೂತ ಹೆಚ್ಚಿಸುತ್ತದೆ.

ಕಣ್ಣಿಗೆ ಅಪಾಯ ಹೇಗೆ?

ಅಕ್ಷಿಪಟಲದ ಅಂಚಿನಲ್ಲಿ ನಾಳ ಕಟ್ಟಿಕೊಂಡಾಗ ಅಲ್ಲಿ ಬೀಸಣಿಗೆಯಂತೆ ಹೊಸ ನಾಳಗಳು ಚಿಗುರುತ್ತವೆ. ಅವು ತೀರಾ ದುರ್ಬಲ. ಒಡೆದರೆ ಕಣ್ಣೊಳಗೆ ರಕ್ತ ತುಂಬುತ್ತದೆ, ಅಕ್ಷಿಪಟಲ ಕಿತ್ತು ಬರಲೂಬಹುದು. ಮೊದಮೊದಲು ನೋವೂ ಇರೋದಿಲ್ಲ, ಮಂಜೂ ಇರೋದಿಲ್ಲ. ದೃಷ್ಟಿ ಹೋಗುವಷ್ಟರಲ್ಲಿ ತಡವಾಗಿರುತ್ತದೆ. ಹಾಗಾಗಿ 10 ವರ್ಷದಿಂದಾಚೆಗೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಕಣ್ಣಿನ ಪಾಪೆ ಹಿಗ್ಗಿಸಿ ತಪಾಸಣೆ ಮಾಡಿಸಬೇಕು. ಬೇಗ ಗೊತ್ತಾದರೆ ಲೇಸರ್ ಚಿಕಿತ್ಸೆ ಇದೆ.

ಏನು ಮಾಡಬೇಕು?

• ಪರೀಕ್ಷೆ ಇಲ್ಲದೆ ಐರನ್ ಮಾತ್ರೆ ಬೇಡ. ಪದೇ ಪದೇ ರಕ್ತ ಹಾಕಿಸಿಕೊಂಡವರ ದೇಹದಲ್ಲಿ ಕಬ್ಬಿಣಾಂಶ ಮೊದಲೇ ಹೆಚ್ಚಿರಬಹುದು.
• ನೀರು ಚೆನ್ನಾಗಿ ಕುಡಿಯಬೇಕು, ಚಳಿಗೆ ಮೈಯೊಡ್ಡಬಾರದು.
• ವೈದ್ಯರು ಹೈಡ್ರಾಕ್ಸಿಯೂರಿಯಾ ಬರೆದಿದ್ದರೆ ನೋವಿಲ್ಲ ಅಂತ ನಿಲ್ಲಿಸಬಾರದು.
• ಜ್ವರ, ಎದೆನೋವು, ಉಸಿರಾಟದ ತೊಂದರೆ, ಕೈಕಾಲು ಸೋತರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಗಂಡ-ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭಧಾರಣೆಯಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ 25. ವಾಹಕರು ಆರೋಗ್ಯವಾಗಿಯೇ ಕಾಣುತ್ತಾರೆ, ರಕ್ತ ಪರೀಕ್ಷೆ ಮಾಡಿಸದೆ ಗೊತ್ತಾಗೋದಿಲ್ಲ. ಕೇಂದ್ರ ಸರ್ಕಾರ 2023ರ ಜುಲೈ 1ರಂದು ಆರಂಭಿಸಿದ ಸಿಕಲ್ ಸೆಲ್ ನಿರ್ಮೂಲನಾ ಮಿಷನ್‌ನಲ್ಲಿ ಕರ್ನಾಟಕವೂ ಇದೆ. 40 ವರ್ಷದೊಳಗಿನವರ ತಪಾಸಣೆ ಇದರ ಗುರಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇಲ್ಲವೇ ಆಶಾ ಕಾರ್ಯಕರ್ತೆಯರ ಬಳಿ ವಿಚಾರಿಸಿ. ಮದುವೆ ಮಾತುಕತೆಗೆ ಮೊದಲೇ ಪರೀಕ್ಷೆ ಮಾಡಿಸಿಕೊಂಡರೆ ಇನ್ನೂ ಒಳ್ಳೆಯದು.